ಕೈಮಾತಿನ ಓಕರಿಕೆ

ನನ್ನ ನೆನಪಿನಲ್ಲಿರುವ ಮೊದಲ ಸದ್ದು ಒಬ್ಬ ಗಂಡಸು ಗಂಟಲು ಕ್ಯಾಕರಿಸಿ ಕಫ ಎಳೆದುಕೊಂಡದ್ದು.

ಧಾರವಾಡದ ಹೊರಗಿನ ‘ಆಲಿಸು ಕೇಂದ್ರ’ದಲ್ಲಿ ನನ್ನ ಕಿವಿಯ ಹಿಂದೆ ಬಿಲ್ಲೆ ಕೂರಿಸಿ ಯಂತ್ರ ಚಾಲೂ ಮಾಡಿದ ದಿನ ಅದು. ಎದುರಿಗೆ ಡಾಕ್ಟರ್ ನಿರುಪಮಾ, ಅವರ ಹಿಂದೆ ಕ್ಯಾಮೆರಾ ಹಿಡಿದು ನಿಂತ ಒಬ್ಬ, ಪಕ್ಕದಲ್ಲಿ ನನ್ನ ಗಂಡ ಚಿದಾನಂದ. ನಾನು ಅಳುತ್ತೇನೆಂದು ಎಲ್ಲರೂ ಕಾಯುತ್ತಿದ್ದರು. ಇಂಥ ಹೊತ್ತಿನಲ್ಲಿ ಎಲ್ಲರೂ ಅಳುತ್ತಾರಂತೆ, ಕಣ್ಣೀರು ಸುರಿಸುತ್ತ ನಗುತ್ತಾರಂತೆ. ಅಷ್ಟರಲ್ಲಿ ನನ್ನ ತಲೆಬುರುಡೆಯ ಒಳಗೋಡೆಗೆ ಯಾರೋ ಒದ್ದೆ ಮರಳು ತಿಕ್ಕಿದಂತಾಯಿತು. ಅದು ಕ್ಯಾಮೆರಾದವನ ಗಂಟಲು ಎಂದು ಡಾಕ್ಟರು ಪರದೆಯ ಮೇಲೆ ಬರೆದು ತೋರಿಸಿದರು. ನನಗೆ ಅಳು ಬರಲಿಲ್ಲ, ಹೇಸಿಗೆ ಬಂತು. ಮುಖ ಕಿವುಚಿಕೊಂಡೆ. ಕಿವುಚಿದ ಆ ಮುಖವನ್ನೇ ‘ಆನಂದ ತಡೆಯಲಾರದೆ’ ಎಂದು ಬರೆದು ಊರಿಗೆಲ್ಲ ತೋರಿಸಿದರು.

ನನ್ನ ಹೆಸರು ಮಹಾದೇವಿ. ಮೂರು ವರ್ಷದವಳಿದ್ದಾಗ ಮೆದುಳು ಜ್ವರ ಬಂದು ಕಿವಿ ಹೋಯಿತು. ಚಿದಾನಂದ ಹುಟ್ಟಿನಿಂದಲೇ ಕಿವುಡ. ಇಬ್ಬರೂ ಒಂದೇ ವಸತಿ ಶಾಲೆಯಲ್ಲಿ ಬೆಳೆದವರು. ಆ ಶಾಲೆಯಲ್ಲಿ ಕೈಯಿಂದ ಮಾತಾಡುವಂತಿರಲಿಲ್ಲ. ಬಾಯಿಂದಲೇ ಮಾತು ಹೊರಡಬೇಕೆಂದು ಮಾಸ್ತರರು ನಮ್ಮನ್ನೆಲ್ಲ ಕೈ ಮೇಲೆ ಕೂರಿಸುತ್ತಿದ್ದರು: ಅಂಗೈ ತೊಡೆಯ ಕೆಳಗೆ, ಮೈಭಾರವೆಲ್ಲ ಬೆರಳ ಮೇಲೆ. ಅವರು ಬೋರ್ಡಿನ ಕಡೆ ತಿರುಗಿದ್ದೇ ತಡ, ಎಲ್ಲರ ಕೈಗಳೂ ಹೊರಗೆ. ಅಷ್ಟು ಹೊತ್ತಿನಲ್ಲೇ ಚಿದಾನಂದ ಒಂದು ಕಥೆ ಹೇಳಿ ಮುಗಿಸುತ್ತಿದ್ದ. ನಾನು ಮದುವೆಯಾದದ್ದು ಆ ಕೈಗಳನ್ನು. ಉಳಿದ ಗಂಡಸು ಜೊತೆಗೆ ಬಂದ.

ರಬಕವಿಯ ಮಗ್ಗದ ಶೆಡ್ಡಿನಲ್ಲಿ ಮಾತ್ರ ನಮ್ಮನ್ನು ಯಾರೂ ಕಿವುಡರೆನ್ನುವುದಿಲ್ಲ. ಲಾಳಿ ಇಲ್ಲದ ಹೊಸ ಮಗ್ಗಗಳು ಎಲ್ಲ ಕಡೆ ಬಂದರೂ ನಮ್ಮ ಮಾಲೀಕ ಹಳೆಯ ಲಾಳಿಮಗ್ಗಗಳನ್ನೇ ಓಡಿಸುತ್ತಾನೆ. ಆ ಸಪ್ಪಳದಲ್ಲಿ ಕಿವಿ ಇದ್ದವರಿಗೂ ಕಿವಿ ಇಲ್ಲ. ಹಾಗಾಗಿ ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ. ನೂಲು ಹರಿದಿದೆ, ನೂಲು ಸುತ್ತಿದ ಕಂಡಿಕೆ ತಾ, ಮಾಲೀಕ ಬಂದ, ನಿನ್ನ ನಾದಿನಿಯ ಮದುವೆ ಎಲ್ಲಿಗೆ ಬಂತು, ಎಲ್ಲವೂ ಮಗ್ಗಗಳ ಮೇಲಿಂದ ಕೈಯಲ್ಲೇ ದಾಟುತ್ತದೆ. ಹೊಸಬರಿಗೆ ಈ ಕೈಮಾತು ಕಲಿಸುವವಳು ನಾನು. ಚಿದಾನಂದ ಅಲ್ಲಿ ಜಾಬರ್, ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವ. ಓಡುವ ಮಗ್ಗಕ್ಕೆ ಅಂಗೈ ಹಚ್ಚಿ ನಿಂತು, ಯಾವ ನಟ್ಟು ಸಡಿಲಾಗಿದೆ ಎಂದು ಹೇಳುತ್ತಾನೆ.

ಹೀಗಿರುವಾಗ ನನಗೆ ಕಿವಿ ಯಾಕೆ ಬೇಕಾಯಿತು? ಅತ್ತೆ ಗೌರವ್ವನಿಗೆ ಕಿವಿ ಚೆನ್ನಾಗಿದೆ, ಮೊಣಕಾಲು ಚೆನ್ನಾಗಿಲ್ಲ. ಒಮ್ಮೆ ಬಚ್ಚಲಲ್ಲಿ ಬಿದ್ದು ಕೂಗಿದ್ದಾಳೆ, ಕೂಗಿದ್ದಾಳೆ, ನಾವಿಬ್ಬರೂ ಪಡಸಾಲೆಯಲ್ಲಿ ಕೂತು ನಗುತ್ತ ಊಟ ಮಾಡಿದ್ದೇವೆ. ಕೇಂದ್ರದವರು ಊರಿಗೆ ಬಂದು ಪರೀಕ್ಷೆ ಮಾಡಿದಾಗ, ಚಿದಾನಂದನಿಗೆ ಒಳಗಿವಿಯ ನರವೇ ಇಲ್ಲ, ಯಂತ್ರ ಹಾಕಲಾಗದು ಎಂದರು. ನನಗೆ ಹಾಕಬಹುದಿತ್ತು. ನಾನು ಹಿಂದೆಮುಂದೆ ನೋಡುತ್ತಿದ್ದರೆ ಅವನೇ ಒತ್ತಾಯ ಮಾಡಿದ.

“ಹಾಕಿಸ್ಕೊ. ಅವ್ವ ಕೂಗಿದ್ರ ಒಬ್ರಿಗರೆ ಕೇಳಲಿ. ಮತ್ತ ಇನ್ನೊಂದೈತಿ. ಮಗ್ಗ ಹೆಂಗ ಸಪ್ಪಳ ಮಾಡ್ತೈತಿ ಅಂತ ನನಗ ಹೇಳಬೇಕು. ಇಷ್ಟು ವರ್ಷ ಅದರ ಮೈ ಮುಟ್ಟೇನಿ, ದನಿ ಎಂಥಾದ್ದು ಗೊತ್ತಿಲ್ಲ.”

ಅವನು ಇದನ್ನೆಲ್ಲ ಹೇಳಿದ್ದು ಕೈಯಲ್ಲಿ. ನಾನು ನಮ್ಮೂರ ಮಾತಿನಲ್ಲಿ ಬರೆಯುತ್ತಿದ್ದೇನೆ, ಕೈಗೂ ಊರಿನ ರುಚಿ ಇರುತ್ತದೆ. ನೀನು, ನೀವು ಎಂಬ ಮರ್ಯಾದೆಯ ಭೇದ ಮಾತ್ರ ಅದರಲ್ಲಿಲ್ಲ. ಹೇಳುತ್ತೇನೆಂದು ಮಾತು ಕೊಟ್ಟೆ.

ಶಸ್ತ್ರಚಿಕಿತ್ಸೆಗೆ ಮೊದಲು ಡಾಕ್ಟರ್ ನಿರುಪಮಾ ನನಗೆ ಮೆದುಳಿನ ಚಿತ್ರ ತೋರಿಸಿದರು. ಅವರು ಮಾತಾಡಿದ್ದು ಪರದೆಯ ಮೇಲೆ ಅಕ್ಷರವಾಗಿ ಬರುತ್ತಿತ್ತು.

“ನೋಡ್ರಿ ಮಹಾದೇವಿ, ಇದು ಕೇಳೋ ಜಾಗ. ನಿಮ್ಮಲ್ಲಿ ಅದು ಖಾಲಿ ಇಲ್ಲ. ಸಣ್ಣಾಕಿದ್ದಾಗಿಂದ ಸದ್ದು ಬರಲಿಲ್ಲಂತ ಕಣ್ಣು ಬಂದು ಅಲ್ಲೆ ಕೂತದ. ಕೈಮಾತು ನಿಮಗ ತಿಳಿಯೋದೂ ಅಲ್ಲೆ.”

ನನಗೆ ಇದು ಬಹಳ ಚೆಂದವೆನಿಸಿತು. ಬೇರೆಯವರು ಮಾತು ಕೇಳುವ ಜಾಗದಲ್ಲಿಯೇ ನಾನು ಚಿದಾನಂದನನ್ನು ಕೇಳುತ್ತಿದ್ದೆ! ಡಾಕ್ಟರಿಗೆ ಮಾತ್ರ ಅದು ತಾಪತ್ರಯ. ಬಾಲ್ಯದಿಂದ ಕಿವುಡರಾದವರು ದೊಡ್ಡವರಾದ ಮೇಲೆ ಯಂತ್ರ ಹಾಕಿಸಿಕೊಂಡರೆ ಸದ್ದಿಗೆ ಕೂರಲು ಜಾಗವಿರುವುದಿಲ್ಲ, ಅದು ಬರೀ ಗದ್ದಲವಾಗಿ ಕಾಡುತ್ತದೆ, ಎಷ್ಟೋ ಜನ ಬೇಸತ್ತು ಯಂತ್ರವನ್ನು ಡಬ್ಬಿಯಲ್ಲಿಟ್ಟುಬಿಡುತ್ತಾರೆ ಎಂದರು. ಅದಕ್ಕೇ ಅವರು ಹೊಸದೊಂದು ಯಂತ್ರ ಮಾಡಿದ್ದರು. ಅದಕ್ಕೆ ತಲೆಯೊಳಗೆ ಮೂರು ತಂತಿ, ಕಿವಿಯ ಹಿಂದೆ ಬಿಲ್ಲೆ ಹಚ್ಚಿದಾಗ ಮಾತ್ರ ಅವಕ್ಕೆ ಜೀವ. ಒಂದು ಒಳಗಿವಿಗೆ ಸದ್ದು ಕೊಡುತ್ತದೆ. ಇನ್ನೊಂದು ಮೆದುಳಿನ ಕೇಳುವ ಜಾಗದಲ್ಲಿ ಏನು ನಡೆದಿದೆ ಎಂದು ನೋಡುತ್ತಿರುತ್ತದೆ.

“ಮೂರನೇದು?” ಎಂದು ಬರೆದು ಕೇಳಿದೆ.

“ಅಭ್ಯಾಸಕ್ಕ ಸಹಾಯ ಮಾಡ್ತದ,” ಎಂದು ಪರದೆ ಹೇಳಿತು. ಡಾಕ್ಟರು ನಕ್ಕರು. ಚೆಂದದ ನಗು. ನಾನೂ ನಕ್ಕೆ.

ಮನೆಗೆ ಬಂದ ಮೇಲೆ ಜಗತ್ತು ಎಷ್ಟು ಗಲೀಜು ಎಂದು ತಿಳಿಯಿತು. ಕಣ್ಣಿಗೆ ಚೊಕ್ಕವಾಗಿ ಕಾಣುವ ಜನ ಕಿವಿಗೆ ಎಂಥ ಹೊಲಸು! ಮೂಗು ಸೀಟುತ್ತಾರೆ, ತೇಗುತ್ತಾರೆ, ಬೀದಿಯಲ್ಲಿ ಉಗುಳುತ್ತಾರೆ, ಚಹಾವನ್ನು ಸೊರ ಸೊರ ಎಳೆಯುತ್ತಾರೆ. ನನ್ನದೇ ಗಂಟಲಲ್ಲಿ ನೀರು ಇಳಿಯುವ ಸದ್ದಿಗೆ ನನಗೇ ಹೇಸಿಗೆಯಾಯಿತು. ಇಷ್ಟೆಲ್ಲ ಕೇಳಿಸಿಕೊಂಡು ಜನ ಒಬ್ಬರನ್ನೊಬ್ಬರು ಹೇಗೆ ಪ್ರೀತಿಸುತ್ತಾರೋ. ಹಿಡಿಸಿದ್ದು ಒಂದೇ: ಅತ್ತೆ ರೊಟ್ಟಿ ಬಡಿಯುವ ಸದ್ದು. ಅದನ್ನು ಕೇಳಲೆಂದು ಒಲೆಯ ಹತ್ತಿರ ಹೋಗಿ ಕೂರುತ್ತಿದ್ದೆ. ಅತ್ತೆ “ಮಾದೇವೀ” ಎಂದು ಕರೆದದ್ದು ಮೊದಲ ಬಾರಿ ತಿಳಿದಾಗ ನಿಜಕ್ಕೂ ಅಳು ಬಂತು. ಆಗ ಕ್ಯಾಮೆರಾದವನು ಇರಲಿಲ್ಲ.

ಚಿದಾನಂದನ ವಿಷಯ ಬೇರೆ. ತಾನು ಸದ್ದು ಮಾಡುತ್ತೇನೆಂಬುದೇ ಗೊತ್ತಿಲ್ಲದೆ ಬೆಳೆದವನು. ಬಾಗಿಲು ಬಡಿಯುತ್ತಾನೆ, ಕಾಲು ಎಳೆಯುತ್ತಾನೆ, ಅನ್ನ ಕಲಸಿ ಚಪ್ಪರಿಸುತ್ತಾನೆ. ಕೈಮಾತಾಡುವಾಗ ಗಂಟಲಿನಿಂದ ಒಂದು ಗೊರಗೊರ ಹೊರಡುತ್ತದೆ. ಅದಕ್ಕೆಲ್ಲ ಮುಖ ಸಿಂಡರಿಸಿದರೂ ತಡೆದುಕೊಂಡೆ. ಆದರೆ ಕೆಲವು ವಾರ ಕಳೆಯುತ್ತಲೇ ಇನ್ನೊಂದು ಶುರುವಾಯಿತು. ಅವನು ಎದುರಿಗೆ ಕೂತು ಮಾತಿಗೆ ಕೈ ಎತ್ತಿದರೆ ನನಗೆ ಹೊಟ್ಟೆ ತೊಳಸುತ್ತಿತ್ತು.

ಮಗ್ಗದೆಣ್ಣೆ ಹತ್ತಿದ ಕಪ್ಪು ಉಗುರುಗಳು. ಗಂಟು ಗಂಟಾದ ಬೆರಳುಗಳು. ಅವು ಗಾಳಿಯಲ್ಲಿ ಮಿಸುಕಾಡುವುದನ್ನು ನೋಡಿದರೆ ಕೊಚ್ಚೆಯ ಹುಳ ನೋಡಿದಂತಾಗುತ್ತಿತ್ತು. ಬಾಯಿಗೆ ನೀರೂರಿ, ಗಂಟಲಿಗೆ ಹುಳಿ ಬರುತ್ತಿತ್ತು. ಒಂದು ದಿನ ಅವನು ಮಾಲೀಕನ ನಡಿಗೆಯನ್ನು ಎರಡೇ ಬೆರಳಲ್ಲಿ ಮಾಡಿ ತೋರಿಸುತ್ತಿದ್ದ. ಮೊದಲಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಂದು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖ ಅರಳಿತು.

“ದಿನ ನಿಂತಾವೇನ ಮಾದೇವಿ?” ಎಂದಳು. ತುಟಿ ನೋಡಿ, ಸದ್ದು ಕೇಳಿ, ಎರಡನ್ನೂ ಕೂಡಿಸಿ ತಿಳಿದುಕೊಂಡೆ.

ಮದುವೆಯಾಗಿ ವರ್ಷಗಳಾಗಿದ್ದರೂ ನಮಗೆ ಮಕ್ಕಳಿರಲಿಲ್ಲ. ಅತ್ತೆ ಹುಣಸೆಹಣ್ಣಿಗೆ ಉಪ್ಪು ಖಾರ ಹಚ್ಚಿ ಕೊಟ್ಟಳು, ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು. ಚಿದಾನಂದ ತೊಟ್ಟಿಲಿಗೆಂದು ಕಟ್ಟಿಗೆ ನೋಡಿಬಂದ. ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಊರಿನ ಆಸ್ಪತ್ರೆಯ ಡಾಕ್ಟರಿಣಿ ಪರೀಕ್ಷೆ ಮಾಡಿ ಏನೂ ಇಲ್ಲ ಎಂದಳು. ಅಲ್ಲಿಂದ ಹೊರಬಂದಾಗ ಚಿದಾನಂದ ಸಮಾಧಾನ ಹೇಳಲು ಕೈ ಎತ್ತಿದ. ನಾನು ಆಸ್ಪತ್ರೆಯ ಗೋಡೆಗೆ ಮುಖ ಮಾಡಿ ಕಕ್ಕಿದೆ.

ಇನ್ನೊಂದು ಹೇಳಬೇಕು. ಶೆಡ್ಡಿನಲ್ಲಿ ನನಗೆ ಹೀಗೆ ಆಗುತ್ತಿರಲಿಲ್ಲ. ಅಲ್ಲಿನ ಗದ್ದಲ ತಡೆಯಲಾಗದೆ ಒಳಹೋಗುವ ಮೊದಲೇ ಬಿಲ್ಲೆ ತೆಗೆದು ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಿದ್ದೆ. ಪಕ್ಕದ ಮಗ್ಗದ ಹುಸೇನಬಿ ಇಡೀ ದಿನ ಕೈಯಲ್ಲಿ ಹರಟುತ್ತಿದ್ದಳು, ನಾನು ಹಾಯಾಗಿ ನೋಡುತ್ತಿದ್ದೆ. ಚಿದಾನಂದ ಹಗಲೆಲ್ಲ ಶೆಡ್ಡಿನ ಆ ತುದಿಯಲ್ಲಿ ಮಗ್ಗದ ಕೆಳಗೆ ಮಲಗಿ ಸ್ಪ್ಯಾನರ್ ತಿರುವುತ್ತಿರುತ್ತಾನೆ, ಅಲ್ಲಿ ನಮಗೆ ಮಾತಿಲ್ಲ. ಬಿಲ್ಲೆಯದೇ ಮಾಯೆ ಎಂದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ನಾನು ಕೂಡಿಸಿದ ಲೆಕ್ಕ ಬೇರೆ: ಉಳಿದ ಯಾರ ಕೈ ನೋಡಿದರೂ ಏನಾಗುವುದಿಲ್ಲ, ಗಂಡನ ಕೈ ನೋಡಿದರೆ ಮಾತ್ರ ಹೇಸಿಗೆ. ಅಂದಮೇಲೆ ನನಗೆ ಗಂಡನೇ ಬೇಡವಾಗಿದ್ದಾನೆ.

ಕೇಂದ್ರದಲ್ಲಿ ಮಾತ್ರ ನನ್ನ ಭಾಗ್ಯವೇ ಭಾಗ್ಯ. ಅಲ್ಲಿಯ ಹಜಾರದಲ್ಲಿ ಗೋಡೆಯಗಲದ ಒಂದು ಪರದೆ ಇತ್ತು. ಯಂತ್ರ ಹಾಕಿಸಿಕೊಂಡ ಪ್ರತಿಯೊಬ್ಬರ ‘ಬದುಕಿನ ಗುಣಮಟ್ಟ’ ಅದರಲ್ಲಿ ಹಸಿರು ಗೆರೆಯಾಗಿ ಏರುತ್ತಿತ್ತು. ಬಿಲ್ಲೆಯನ್ನು ಎಷ್ಟು ಹೊತ್ತು ಹಚ್ಚಿಕೊಂಡಿರಿ, ಎಷ್ಟು ಪದ ಗುರುತಿಸಿದಿರಿ, ಅದರ ಮೇಲೆ ಬದುಕಿನ ಗುಣಮಟ್ಟ. ನನ್ನ ಗೆರೆ ಎಲ್ಲರಿಗಿಂತ ಮೇಲಿತ್ತು. ಮನೆಯಲ್ಲಿ ಗಂಡನ ಮುಖ ನೋಡಲಾಗದೆ ಅತ್ತೆಯ ಬಾಯಿ, ರೇಡಿಯೋ, ಬೀದಿಯ ಮಾರುವವರ ಕೂಗು ಎಂದು ಕಿವಿಗೇ ಜೋತುಬಿದ್ದಿದ್ದೆನಲ್ಲ, ಏರದೆ ಏನು ಮಾಡೀತು.

“ನೀವು ನಮ್ಮ ಕೇಂದ್ರದ ಹೆಮ್ಮೆ,” ಎಂದರು ಡಾಕ್ಟರು. “ಕೆಲಸದ ಜಾಗದಾಗೂ ಒಂದಿಷ್ಟು ಹೊತ್ತು ಹಚ್ಕೋರಿ. ಇನ್ನೂ ಮ್ಯಾಲ ಹೋಗ್ತದ.”

ಹಜಾರದಲ್ಲಿ ನನ್ನಂಥವರು ಸಾಲಾಗಿ ಕೂತು ‘ಆನೆ, ಎಲೆ, ಅಮ್ಮ’ ಎನ್ನುತ್ತಿದ್ದರು. ಒಬ್ಬ ಯಾವುದೋ ನೆನಪಾಗಿ ಪಕ್ಕದವಳಿಗೆ ಕೈ ಎತ್ತಿದ, ಮಾತು ಹೊರಡುವ ಮೊದಲೇ ಅವಳು ತಟ್ಟನೆ ಮುಖ ತಿರುವಿದಳು. ಹೊಸ ಕಿವಿಯವರು ಎಷ್ಟು ಸಭ್ಯರಾಗಿದ್ದಾರೆ ಎಂದುಕೊಂಡೆ. ನೆನೆದರೆ ನನ್ನ ಮೇಲೆಯೇ ಉಗುಳಬೇಕೆನಿಸುತ್ತದೆ.

ಮನೆಯಲ್ಲಿ ಚಿದಾನಂದ ಮೊದಮೊದಲು ಕಾರಣ ಕೇಳಿದ. ಹೊಟ್ಟೆ ಸರಿಯಿಲ್ಲ ಎಂದೆ. ಆಮೇಲೆ ಕೈ ತಿಕ್ಕಿ ತಿಕ್ಕಿ ತೊಳೆಯತೊಡಗಿದ, ಸೀಮೆಎಣ್ಣೆ ಹಾಕಿ, ಕಲ್ಲಿನಿಂದ ಉಜ್ಜಿ, ಚರ್ಮ ಕಿತ್ತುಹೋಗುವಷ್ಟು. ತೊಳೆದ ಕೈಯಲ್ಲಿ ಮಾತಾಡಿದರೂ ನಾನು ಮುಖ ತಿರುವಿದೆ. ಒಂದು ಸಂಜೆ ಊಟವಾದ ಮೇಲೆ ಅವನು ನನ್ನೆದುರು ಕೂತ. ಏನೋ ಹೇಳಬೇಕೆಂದು ಕೈ ಎತ್ತಿದವನು ನನ್ನ ಮುಖ ನೋಡಿ ನಿಲ್ಲಿಸಿದ. ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟು, ಅವುಗಳ ಮೇಲೆ ಕೂತುಬಿಟ್ಟ. ಶಾಲೆಯಲ್ಲಿ ಕೂತಂತೆಯೇ.

ನನಗೆ ಎದೆ ಒಡೆಯಬೇಕಿತ್ತು. ಹೊಟ್ಟೆ ತಣ್ಣಗಾಯಿತು. ಇನ್ನು ವಾಂತಿಯಾಗುವುದಿಲ್ಲ ಎಂದು ನಿರಾಳವಾಯಿತು. ಆ ನಿರಾಳಕ್ಕಿಂತ ಹೇಸಿಗೆಯದನ್ನು ನಾನು ಈವರೆಗೆ ಕಂಡಿಲ್ಲ.

ಅವನು ಆಮೇಲೆ ಮನೆಯಲ್ಲಿ ಹಾಗೆಯೇ ಕೂರತೊಡಗಿದ.

ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಕರೆಂಟು ಹೋಯಿತು. ಮಗ್ಗಗಳೆಲ್ಲ ನಿಂತವು. ಕೆಲಸದ ಜಾಗದಲ್ಲೂ ಹಚ್ಚಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರಲ್ಲ, ಸೆರಗಿನ ಗಂಟು ಬಿಚ್ಚಿ ಬಿಲ್ಲೆ ಹಚ್ಚಿಕೊಂಡೆ. ಹುಸೇನಬಿ ನನ್ನ ಮುಂದೆ ಬಂದು ದೊಡ್ಡದಾಗಿ ಬಾಯಿ ತೆರೆದು, “ಏನ ಮಾದೇವಿ, ಈಗ ಕೇಳತೈತೇನ?” ಎಂದಳು. ಕೇಳುತ್ತದೆ ಎಂದೆ. ಅವಳ ದನಿ ದಪ್ಪ, ಒಳ್ಳೆಯದಿತ್ತು. ಇಬ್ಬರೂ ನಕ್ಕೆವು. ಅಷ್ಟರಲ್ಲಿ ಕರೆಂಟು ಬಂದು ಮಗ್ಗಗಳು ಒಮ್ಮೆಲೇ ಹೊಡೆದುಕೊಳ್ಳತೊಡಗಿದವು. ಹುಸೇನಬಿ ತನ್ನ ಮಗ್ಗದಾಚೆಯಿಂದ ಕೈ ಎತ್ತಿ, ಮಾಲೀಕನ ಹೊಟ್ಟೆ ಈಗ ಅವನಿಗಿಂತ ಮೊದಲೇ ಶೆಡ್ಡಿಗೆ ಬರುತ್ತದೆ ಎಂದು ಮಾಡಿ ತೋರಿಸಿದಳು.

ನನಗೆ ಓಕರಿಕೆ ಬಂತು. ಹುಸೇನಬಿಯ ಕೈ ನೋಡಿ! ಹೊರಗೆ ಓಡಿ ಗಟಾರದ ಮೇಲೆ ಬಗ್ಗಿದೆ. ಬಗ್ಗಿದ ರಭಸಕ್ಕೆ ಬಿಲ್ಲೆ ಕಳಚಿ ಕೂದಲಲ್ಲಿ ಸಿಕ್ಕಿಕೊಂಡಿತು. ಹುಸೇನಬಿ ಹಿಂದೆಯೇ ಬಂದು ಬೆನ್ನು ಸವರಿ, “ಏನಾತು?” ಎಂದು ಕೈಯಲ್ಲಿ ಕೇಳಿದಳು. ಆ ಕೈಗಳು ಎಂದಿನ ಕೈಗಳೇ ಆಗಿದ್ದವು, ಹೇಸಿಗೆ ಇರಲಿಲ್ಲ. ನಾನು ಅವಳನ್ನು ದಿಟ್ಟಿಸಿದೆ. ಬಿಲ್ಲೆಯನ್ನು ಮತ್ತೆ ಹಚ್ಚಿಕೊಂಡೆ.

“ಇನ್ನೊಮ್ಮೆ ಕೇಳು,” ಎಂದೆ.

ಕೇಳಿದಳು, ಗಂಟಲಿಗೆ ಹುಳಿ ಬಂತು. ಬಿಲ್ಲೆ ಕಿತ್ತೆ, ಹೋಯಿತು. ಹಚ್ಚಿದೆ, ಬಂತು. ಕಣ್ಣು ಮುಚ್ಚಿಕೊಂಡು ಅವಳಿಂದ ಬಾಯಲ್ಲಿ ಕಿವಿಯ ಹತ್ತಿರ ಕೂಗಿಸಿದೆ, ಏನೂ ಆಗಲಿಲ್ಲ. ಕಣ್ಣು ತೆರೆದು ಕೈ ಆಡಿಸೆಂದೆ, ಮತ್ತೆ ಬಂತು. ಹುಸೇನಬಿಗೆ ನನಗೆ ತಲೆ ಕೆಟ್ಟಿದೆ ಎನಿಸಿರಬೇಕು. ಆದರೂ ನಾನು ಹೇಳಿದಷ್ಟು ಸಲ ಕೈ ಆಡಿಸಿದಳು. ಕಡೆಗೆ ಗಟಾರದ ಪಕ್ಕದಲ್ಲಿ ಕುಸಿದು ಕೂತೆ. ನನಗೆ ಗಂಡ ಬೇಡವಾಗಿರಲಿಲ್ಲ. ನನ್ನ ತಲೆಯಲ್ಲಿ ಯಾರೋ ಕೂತು, ಕೈಮಾತು ಕಂಡಾಗಲೆಲ್ಲ ನನ್ನ ಬಾಯಿಗೆ ಬೆರಳು ಹಾಕುತ್ತಿದ್ದರು.

ಮರುದಿನವೇ ಧಾರವಾಡಕ್ಕೆ ಹೋದೆ. ಡಾಕ್ಟರ ಮೇಜಿನ ಮೇಲಿದ್ದ ಹಾಳೆ ಎಳೆದುಕೊಂಡು ‘ಮೂರನೇ ತಂತಿ ಏನು ಮಾಡುತ್ತದೆ?’ ಎಂದು ಬರೆದೆ. ಅವರು ಸುಳ್ಳು ಹೇಳಲಿಲ್ಲ. ಅದಕ್ಕೇ ನನಗೆ ಮತ್ತಷ್ಟು ಅಸಹ್ಯವಾಯಿತು.

“ಮೆದುಳಿನ್ಯಾಗ ಹೇಸಿಗೆ ಹುಟ್ಟೋ ಜಾಗ ಒಂದದ. ಮೂರನೇ ತಂತಿ ಅಲ್ಲೆ ಹೋಗ್ತದ, ಕೆಲವು ವಾರ ಬಿಟ್ಟು ಚಾಲೂ ಆಗ್ತದ. ಕೇಳೋ ಜಾಗದಾಗ ಕಣ್ಣಿನ ಕೆಲಸ ನಡದ್ರ, ಅಂದ್ರ ನೀವು ಕೈಮಾತು ನೋಡಿದ್ರ, ಸಣ್ಣದೊಂದು ನೂಕು ಕೊಡ್ತದ. ಹಂಗ ಮಾಡಿದ್ರನ ಕಣ್ಣು ಆ ಜಾಗ ಬಿಟ್ಟು ಏಳ್ತದ, ಸದ್ದು ಬಂದು ಕೂಡ್ತದ. ನಿಮಗ ಎಷ್ಟು ಪದ ಬಂದಾವ ನೋಡ್ರಿ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರ ನೀವು ಒಪ್ಪತಿದ್ದಿಲ್ಲ,” ಎಂದರು, ಮಗುವಿಗೆ ಔಷಧಿ ಕುಡಿಸಿದ ತಾಯಿಯ ಮುಖದಲ್ಲಿ. “ನಿಮ್ಮ ಬದುಕಿನ ಗುಣಮಟ್ಟ—”

ನಾನು ಪರದೆಯನ್ನು ಕೈಯಿಂದ ಮುಚ್ಚಿದೆ. ನನ್ನ ಶಾಲೆಯ ಮಾಸ್ತರರು ಕೈ ಮೇಲೆ ಕೂರಿಸುತ್ತಿದ್ದರು, ಪಾಪ, ಅವರಿಗೆ ಇಷ್ಟೇ ಗೊತ್ತಿತ್ತು. ಬೋರ್ಡಿನ ಕಡೆ ತಿರುಗುತ್ತಲಾದರೂ ಇದ್ದರು. ಇವರು ತಿರುಗುವುದೇ ಇಲ್ಲ. ‘ಈಗಲೇ ನಿಲ್ಲಿಸಿ’ ಎಂದು ಬರೆದೆ. ನಿಲ್ಲಿಸದೆ ನಾನು ಕುರ್ಚಿಯಿಂದ ಏಳುವವಳಲ್ಲ ಎಂದು ಅವರಿಗೆ ತಿಳಿದಿರಬೇಕು. ಬಿಲ್ಲೆಯನ್ನು ಕಂಪ್ಯೂಟರಿಗೆ ಜೋಡಿಸಿ ಮೂರನೇ ತಂತಿಯನ್ನು ಬಂದ್ ಮಾಡಿದರು.

ಹೊರಬರುವಾಗ ಹಜಾರದಲ್ಲಿ ನಿಂತೆ. ‘ಆನೆ, ಎಲೆ’ ಎನ್ನುತ್ತಿದ್ದವರ ಮುಂದೆ ಹೋಗಿ ಕೈ ಎತ್ತಿ, ನಿಮ್ಮ ತಲೆಯಲ್ಲಿ ಇಂಥದೊಂದು ತಂತಿ ಇದೆ ಎಂದು ಹೇಳತೊಡಗಿದೆ. ಸಾಲಿಗೆ ಸಾಲೇ ಮುಖ ತಿರುವಿತು. ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಅವರಿಗೆ ಹೇಳಬೇಕಾದ ಮಾತನ್ನು ನೋಡಲೂ ಆಗದಂತೆ ಮಾಡಿಟ್ಟಿದ್ದರು! ಕಡೆಗೆ ಕೈಮಾತು ಬಿಟ್ಟು, ನನ್ನ ಬಿಲ್ಲೆ ಕಿತ್ತು ಮೇಲೆತ್ತಿ ಹಿಡಿದೆ. ಹಿಂದಿನ ಸಾಲಿನ ಒಬ್ಬ ಮುದುಕ ನೋಡಿ ತನ್ನದನ್ನೂ ಕಿತ್ತ. ಅವನಿಗೊಬ್ಬನಿಗೆ ಎಲ್ಲ ಹೇಳಿದೆ. ಕಾವಲಿನವನು ನನ್ನ ರಟ್ಟೆ ಹಿಡಿಯುವ ಹೊತ್ತಿಗೆ ಮುದುಕ ಪಕ್ಕದವಳ ಕಿವಿಯ ಬಿಲ್ಲೆಗೆ ಕೈ ಹಾಕಿದ್ದ.

ಡಾಕ್ಟರು ಬಾಗಿಲ ತನಕ ಬಂದರು. ಒಂದು ಚೀಟಿಯಲ್ಲಿ ಬರೆದುಕೊಟ್ಟರು: ತಂತಿ ನಿಂತಿದೆ, ಆದರೆ ಮೆದುಳು ಕಲಿತದ್ದು ನಿಲ್ಲುತ್ತದೆಂದು ಹೇಳಲಾಗದು. ಅದೇ ಕೈಗಳನ್ನು ನೋಡಿ ನೋಡಿಯೇ ಆ ಹೇಸಿಗೆ ಹೋಗಬೇಕು. ಹೋಗದೆಯೂ ಇರಬಹುದು.

ಊರಿಗೆ ಮರಳಿ, ಕೆಲಸ ಬಿಡುವ ಹೊತ್ತಿಗೆ ಶೆಡ್ಡಿಗೆ ಹೋಗಿ ಬಿಲ್ಲೆ ಹಚ್ಚಿಕೊಂಡೇ ಹುಸೇನಬಿಯ ಕೈ ನೋಡಿದೆ. ಏನೂ ಆಗಲಿಲ್ಲ. ಓಡುತ್ತ ಮನೆಗೆ ಬಂದೆ. ಚಿದಾನಂದ ಆಗಲೇ ಮನೆಗೆ ಬಂದು ಪಡಸಾಲೆಯಲ್ಲಿ ಕೈ ಮೇಲೆ ಕೂತಿದ್ದ. ಎದುರು ಕೂತು ಎಲ್ಲ ಹೇಳಿದೆ. ಅವನ ಕಣ್ಣು ತುಂಬಿತು. ಕೈ ಮಾತ್ರ ಹೊರಬರಲಿಲ್ಲ. ನಾನೇ ಅವನ ಮೊಣಕೈ ಹಿಡಿದು ಎಳೆದೆ. ತೊಳೆದೂ ತೊಳೆದೂ ಬಿರಿದ ಕೈಗಳು ಮೇಲೆದ್ದು ನನ್ನ ಹೆಸರು ಹೇಳಿದವು, ಹಣೆಯ ಮೇಲೆ ಬೆರಳಿಟ್ಟು ಹೇಳುವ, ಶಾಲೆಯಲ್ಲಿ ಅವನೇ ಇಟ್ಟ ಹೆಸರು.

ಓಕರಿಕೆ ಬಂತು. ಬಿಲ್ಲೆ ಕಿತ್ತೆಸೆದೆ. ಆಗಲೂ ಬಂತು. ಹುಸೇನಬಿಯ ಕೈ ನೋಡಿ ಹೇಸಿಗೆ ಕಲಿತದ್ದು ಒಂದೇ ಮಧ್ಯಾಹ್ನ, ಈ ಕೈಗಳನ್ನು ನೋಡಿ ಕಲಿತದ್ದು ದಿನಾ. ನನ್ನ ಮೈಯೊಳಗೆ ಅವರು ನೆಟ್ಟುಹೋದದ್ದು ಬೇರು ಬಿಟ್ಟಿತ್ತು. ಎಲ್ಲಕ್ಕಿಂತ ಹತ್ತಿರದ ಕೈಗಳ ಮೇಲೆಯೇ.

ಚಿದಾನಂದ ಮತ್ತೆ ಕೈಗಳನ್ನು ತೊಡೆಯ ಕೆಳಗೆ ಸೇರಿಸತೊಡಗಿದ. ನಾನು ಎದ್ದು ಅಡುಗೆಮನೆಗೆ ಹೋಗಿ, ಅತ್ತೆ ನೋಡುತ್ತಿದ್ದಂತೆ ಒಂದು ದೊಡ್ಡ ಬೋಗಾಣಿ ತಂದು ತೊಡೆಯ ಮೇಲಿಟ್ಟುಕೊಂಡು ಕೂತೆ.

“ಮಾತಾಡು,” ಎಂದೆ.

“ಬ್ಯಾಡ. ನಿನಗ ತ್ರಾಸ ಆಗ್ತೈತಿ.”

“ಆಗಲಿ. ನೀ ಕೇಳಿದ್ಯಲ್ಲ, ಮಗ್ಗದ ಸಪ್ಪಳ ಹೆಂಗಿರ್ತೈತಿ ಅಂತ. ಕೇಳು ಈಗ.”

ಅವನು ಅನುಮಾನಿಸುತ್ತ ಕೇಳಿದ. ನಾನು ಬೋಗಾಣಿಗೆ ಬಗ್ಗಿ, ಎದ್ದು, ಹೇಳಿದೆ.

“ಹೊಲಸು ಸಪ್ಪಳ. ಬರೀ ಹೊಡಕೋತೈತಿ. ಆದ್ರ ಲಾಳಿ ತಪ್ಪೂಕಿಂತ ಮೊದಲ ಸಪ್ಪಳ ಸಣ್ಣಾಗ್ತೈತಿ. ಉಸಿರು ಹಿಡದಂಗ.”

ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಬಂತು. “ಗೊತ್ತೈತಿ. ಅದು ಅಂಗೈಗೂ ಬರ್ತೈತಿ,” ಎಂದ. ಹಾಗೆನ್ನುತ್ತ ಅಂಗೈಯನ್ನು ಗಾಳಿಯಲ್ಲಿ ಮಗ್ಗದ ಮೇಲಿಟ್ಟಂತೆ ಇಟ್ಟು, ನಡುಗಿಸಿ, ಒಂದು ಗಳಿಗೆ ನಿಲ್ಲಿಸಿದ. ನಾನು ಮತ್ತೆ ಬಗ್ಗಿದೆ. ಈ ಸಲ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಕಹಿ ನೀರು ಬಂತು. ತಲೆ ಎತ್ತಿ ನೋಡಿದರೆ ಅವನ ಕೈಗಳು ಅರ್ಧ ಮಾತಿನಲ್ಲಿ ನಿಂತಿದ್ದವು.

“ನಿಲ್ಲಿಸಬ್ಯಾಡ,” ಎಂದೆ.

ಸೆರಗಿನಿಂದ ಬಾಯಿ ಒರೆಸಿಕೊಂಡು ಅವನ ಕೈಗಳನ್ನು ನೋಡುತ್ತ ಕೂತೆ.